ಸವದತ್ತಿ ರಸ್ತೆಯ ನಕ್ಷತ್ರಗಳು

ಬೈಲಹೊಂಗಲ,
೩ ಮಾರ್ಚ್ ೨೦೨೫, ಸೋಮವಾರ

ಪ್ರೀತಿಯ ಅಕ್ಕಾ,

ಮೊದಲು ಒಂದು ಅಪರಾಧ ಒಪ್ಪಿಕೊಳ್ಳಬೇಕಾಗಿದೆ. ಕೈಕಟ್ಟಿ ನಿಂತು ಬರೆಯಲು ಬರುವುದಿಲ್ಲವಾದ್ದರಿಂದ ಕುಳಿತೇ ಒಪ್ಪಿಕೊಳ್ಳುತ್ತೇನೆ. ನಿನ್ನ ತಮ್ಮ, ಭೌತಶಾಸ್ತ್ರದ ಅಧ್ಯಾಪಕ ಗೌರೀಶ, ಕಳೆದ ಗುರುವಾರ ಕಾಲೇಜಿನ ಒಂದು ಡಬ್ಬಿ ಚಾಕ್‌ಪೀಸು ಕದ್ದು ಸರಕಾರದ ಕಿಲೋಮೀಟರ್ ಕಲ್ಲುಗಳ ಬೆನ್ನ ಮೇಲೆ ಬರೆದಿದ್ದಾನೆ. ಮೊದಲ ಮಳೆಗೆ ಸಾಕ್ಷ್ಯ ತೊಳೆದುಹೋಗುತ್ತದೆ, ಹೆದರಬೇಡ.

ನಿನ್ನ ಮೊಣಕಾಲು ಹೇಗಿದೆ? ನಿನ್ನ ಪತಿದೇವರು ಮಾಮಾ ಅವರ ಬಿಪಿ ಇಳಿಯಿತೇ? ಮೂರೂವರೆ ತಿಂಗಳಿಂದ ನಾನು ಫೋನ್ ಮಾಡಿದಾಗಲೆಲ್ಲ ಅವರೇ ಎತ್ತಿ, ಹವಾಮಾನ ಇಲಾಖೆಯವರ ಹಾಗೆ “ಆರಾಮ ಅದಾಳ, ಈಗ ಮಾತಾಡೂದಿಲ್ಲಂತ” ಎಂದು ವರದಿ ಕೊಟ್ಟು ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಕತ್ತರಿಯೇ ಬೇಕು.

ಅಪರಾಧದ ವಿವರ ಕೇಳು. ವಿಜ್ಞಾನ ದಿನಕ್ಕೆ ನಮ್ಮ ಸುತ್ತಲಿನ ನಕ್ಷತ್ರಗಳ ನಕ್ಷೆ ಮಾಡಬೇಕಿತ್ತು. ಬೆಳಕು ಒಂದು ವರ್ಷ ಓಡುವ ದೂರವನ್ನು ಒಂದು ಕಿಲೋಮೀಟರ್ ಎಂದು ಹಿಡಿದೆ. ಆ ಲೆಕ್ಕದಲ್ಲಿ ಸೂರ್ಯನೆಂದರೆ ನಮ್ಮ ಮನೆ ಮುಂದಿನ ರಂಗೋಲಿ ಪುಡಿಯ ಒಂದು ಕಣ. ಭೂಮಿ ಅದರಿಂದ ಒಂದೂವರೆ ಸೆಂಟಿಮೀಟರ್ ಆಚೆ, ಕಣ್ಣಿಗೂ ಕಾಣದು. ನೆಪ್ಚೂನಿನವರೆಗೆ ಎಲ್ಲ ಗ್ರಹಗಳ ಸಂಸಾರ ರಂಗೋಲಿಯೊಳಗೇ ಮುಗಿಯಿತು. ಆಮೇಲೆ ಏನೂ ಇಲ್ಲ. ಬೈಕಿನಲ್ಲಿ ನಾಲ್ಕೂಕಾಲು ಕಿಲೋಮೀಟರ್ ಹೋದ ಮೇಲೆ ಮೊದಲ ನೆರೆಮನೆ: ಮೂರು ನಕ್ಷತ್ರಗಳ ಕೂಡುಕುಟುಂಬ, ಎರಡು ದೊಡ್ಡವು ಜೋಡಿಯಾಗಿ ಸುತ್ತುತ್ತವೆ, ಸಣ್ಣದು ಬೇರೆ ಒಲೆ ಹೂಡಿದೆ. ಎಂಟೂವರೆ ದಾಟಿದರೆ ಲುಬ್ಧಕ. ಹದಿನೇಳಕ್ಕೆ ಶ್ರವಣ, ಇಪ್ಪತ್ತೈದಕ್ಕೆ ಅಭಿಜಿತ್. ಇಡೀ ಆಕಾಶಗಂಗೆ ದಾಟಬೇಕಾದರೆ ಇದೇ ಅಳತೆಯಲ್ಲಿ ಭೂಮಿಯನ್ನು ಎರಡೂವರೆ ಸುತ್ತು ಹಾಕಬೇಕು. ಅಂದರೆ ನೀನಿರುವ ರಾಮದುರ್ಗ ನಮ್ಮ ಓಣಿಯೇ. ಇದನ್ನು ನೀನು ಮನಸ್ಸಿಗೆ ತಗೋಬೇಕು.

ಸವದತ್ತಿ ಇನ್ನೇನು ಬಂತು ಅನ್ನುವಲ್ಲಿ ಕಲ್ಲಿನ ಮೇಲೆ ‘ಸ್ವಾತಿ ೩೭’ ಎಂದು ಬರೆಯುತ್ತಿದ್ದೆ. ಹೊಲದಿಂದ ಶಟ್ಟೆಪ್ಪ ಅನ್ನುವ ಹಿರಿಯರೊಬ್ಬರು ಕುಡುಗೋಲು ಹಿಡಿದೇ ಬಂದರು. “ರಸ್ತಾ ಅಗಲ ಮಾಡಾವ್ರೇನ್ರಿ? ನಂದು ಎಷ್ಟು ಗುಂಟೆ ಹೋಕ್ಕೈತಿ, ಈಗ ಹೇಳಿಬಿಡ್ರಿ.” ಸರ್ವೆಯವನಲ್ಲ, ಇದು ನಕ್ಷತ್ರದ ದೂರ ಅಂದೆ. ಅವರ ಮುಖ ಸಡಿಲಾಯಿತು. “ಸ್ವಾತಿ ಮಳಿ ಮೂವತ್ತೇಳ ದಿನಕ್ಕ ಬರತೈತೇನ್ರಿ?” ದಿನವಲ್ಲ ಅಜ್ಜಾ, ವರ್ಷ, ಇವತ್ತು ಕಾಣುವ ಸ್ವಾತಿಯ ಬೆಳಕು ಅಲ್ಲಿಂದ ಹೊರಟು ಮೂವತ್ತೇಳು ವರ್ಷ ಆಗಿದೆ ಅಂದೆ. ಅವರು ಕುಡುಗೋಲಿನ ತುದಿಯಿಂದ ಕಲ್ಲಿನ ಮೇಲಿನ ಅಂಕಿಯನ್ನು ಮುಟ್ಟಿದರು. “ಹಂಗಾರ ನಡುವ ಅದು ಸತ್ತಿದ್ರೂ ನಮಗ ಗೊತ್ತಾಗೂದಿಲ್ಲ, ಇದ್ದಂಗ ಕಾಣತೈತಿ. ಛಲೋ ಆತು ಬಿಡ್ರಿ, ಅಷ್ಟು ದಿನ ಅಳೂದು ತಪ್ಪಿತು.” ನಾನು ಹೂಂ ಅಂದು ಬೈಕ್ ಏರಿದೆ.

ಅರವತ್ತೈದಕ್ಕೆ ರೋಹಿಣಿ ಬರೆದೆ. ಅಲ್ಲಿಂದ ನಿನ್ನ ಮನೆ ಇನ್ನೇನು ಹತ್ತು ಹನ್ನೆರಡು ಕಿಲೋಮೀಟರ್. ಚಾಕ್ ಮುಗಿದಿತ್ತು, ತಿರುಗಿ ಬಂದೆ.

ನನಗೇನೂ ಆಗಿಲ್ಲ ಅಕ್ಕಾ, ಅದೇ ತೊಂದರೆ. ಒಂದೇ ಮಗ್ಗುಲಲ್ಲಿ ಮಲಗಿದರೆ ಕೈ ಜೋಮು ಹಿಡಿಯುವುದಿಲ್ಲವೇ, ಹಾಗೆ ಅವ್ವ ಹೋದಾಗಿನಿಂದ ಒಳಗೆಲ್ಲ ಜೋಮು. ಊಟ ಸೇರುತ್ತದೆ. ಪಾಠದಲ್ಲಿ ಹುಡುಗರು ನಗುತ್ತಾರೆ. ಅವ್ವನ ಸೀರೆಗಳನ್ನು ಮಡಚಿ ಟ್ರಂಕಿನಲ್ಲಿಟ್ಟೆ, ಬಟ್ಟೆ ಮಡಚಿದ ಹಾಗೆಯೇ ಇತ್ತು. ನಿನ್ನ ಸಿಟ್ಟು ಮಾತ್ರ ಸೂಜಿಯಂತೆ ಚುಚ್ಚುತ್ತದೆ, ಅದೊಂದು ಜೀವಂತ ಇದೆ. ಮೂರನೆಯ ದಿನ ಎಲ್ಲರೆದುರು ಎದೆ ಬಡಿದುಕೊಂಡು ನೀನು ಅಂದದ್ದು: “ಹನ್ನೊಂದರ ಬಸ್ ಹತ್ತಿದ್ರ ಜೀವ ಇದ್ದ ಮಾರಿ ನೋಡತಿದ್ನೆಲ್ಲೋ. ಮನ್ಯಾಗ ಶಾವಿಗಿ ಹೊಸಕೊಂತ ಕುಂತೆ.” ಅವ್ವ ಹೋದ ದಿನ ಹತ್ತೂವರೆಗೆ ನೀನು ಫೋನ್ ಮಾಡಿ ಬರಲೇನು ಅಂದಾಗ “ಅವಸರ ಇಲ್ಲ, ರವಿವಾರ ಬಾ” ಅಂದವನು ನಾನು. ಅವ್ವ ಹೋದದ್ದು ಒಂದೂವರೆಗೆ ಎಂದು ಎಲ್ಲರಿಗೂ ಹೇಳಿದವನೂ ನಾನೇ. ಹನ್ನೊಂದರ ಬಸ್ಸು ಒಂದೂಕಾಲಿಗೆ ಬರುತ್ತದೆ ಎಂದು ನೀನು ಅವತ್ತಿನಿಂದ ಎಣಿಸುತ್ತಲೇ ಇದ್ದೀಯಂತೆ, ಒಮ್ಮೆ ವರದಿಯ ಕೊನೆಗೆ ಮಾಮಾ ಬಾಯಿಬಿಟ್ಟು ಹೇಳಿದರು. ನನ್ನನ್ನು ಬೈದುಕೋ, ನಿನ್ನನ್ನು ಬೈದುಕೊಳ್ಳಬೇಡ. ಅಳತೆಯ ವಿಷಯದಲ್ಲಿ ಮಾತ್ರ ನಿನ್ನ ತಮ್ಮನ ಕಡೆ ಬೆರಳು ತೋರಿಸುವವರು ಇನ್ನೂ ಹುಟ್ಟಿಲ್ಲ; ದೂರವಿರಲಿ, ಹೊತ್ತಿರಲಿ, ನಾನು ಹೇಳಿದ್ದು ಹೇಳಿದ್ದೇ.

ಮಾಮಾ ಅವರಿಗೆ ನಮಸ್ಕಾರ. ಮಾಲಾಳ ಪರೀಕ್ಷೆಗೆ ಈ ಸೋದರಮಾವನ ಆಶೀರ್ವಾದ. ಪ್ರಶ್ನೆ ಕಷ್ಟ ಬಂದರೆ ಆಶೀರ್ವಾದ ನೆಚ್ಚಬೇಡ ಅನ್ನು.

ನಿನ್ನ ತಮ್ಮ,
ಗೌರೀಶ

ತಾ.ಕ.: ಅಂಚೆಯವರು ಚೀಲ ಕಟ್ಟುತ್ತಿದ್ದಾರೆ, ಲಕೋಟೆ ಇನ್ನೂ ಅಂಟಿಸಿಲ್ಲ. ಒಂದೂವರೆ ಅಂದದ್ದು ಸುಳ್ಳು. ಅವ್ವ ಹೋದದ್ದು ಒಂಬತ್ತು ಐವತ್ತಕ್ಕೆ. ನಿನ್ನ ಫೋನ್ ಬಂದಾಗ ನಲವತ್ತು ನಿಮಿಷದಿಂದ ಅವಳ ಪಕ್ಕದಲ್ಲಿ ಗಂಜಿ ಬಟ್ಟಲು ಹಿಡಿದು ಕುಳಿತಿದ್ದೆ. “ಅವ್ವ ಉಂಡಳೇನೋ?” ಅಂದಿ. ನಿನ್ನ ದನಿಯಲ್ಲಿ ಅವಳು ಇನ್ನೂ ಇದ್ದಳು. “ಉಂಡಳು” ಅಂದುಬಿಟ್ಟೆ. ಆಮೇಲೆ ಆ ಮಾತು ಹಿಂದಕ್ಕೆ ತಗೊಳ್ಳಲು ಆಗಲಿಲ್ಲ. ಪಕ್ಕದ ಮನೆ ಸತ್ಯವ್ವ ಕಾಕುವನ್ನು ಕರೆಯುವಷ್ಟರಲ್ಲಿ ಒಂದೂವರೆ. ಹನ್ನೊಂದರದಲ್ಲ, ಒಂಬತ್ತರ ಬಸ್ ಹತ್ತಿದ್ದರೂ ಅವಳು ನಿನಗೆ ಸಿಗುತ್ತಿರಲಿಲ್ಲ ಅಕ್ಕಾ. ಶಾವಿಗಿಯದೇನೂ ತಪ್ಪಿಲ್ಲ. ಫೋನ್ ಇಟ್ಟ ಮೇಲೆ, ಹೇಳಿದ ಮಾತು ಅರ್ಧವಾದರೂ ನಿಜವಾಗಲಿ ಅಂತ, ಆ ಗಂಜಿ ನಾನೇ ಕುಡಿದೆ.