ಖುದ್ದಾಗಿ ವಿಚಾರಿಸಲಾಗಿದೆ

3-10-1983, ಸೋಮವಾರ

ಹಿಂದಿನ ಗಾಲಿ ಮತ್ತೆ ಪಂಕ್ಚರ್. ಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಮುಂದೆ ತೇಪೆ ಹಾಕಿಸಿದೆ. ಸೈಕಲ್ ಅಂಗಡಿಯ ಮಕ್ತುಂ ಸಾಬ್, "ಟ್ಯೂಬು ನಿಮ್ಮಷ್ಟ ಹಳೇದಾಗೈತಿ ಮೌಲಾಸಾಬ್ರ, ಜೋಡಿ ರಿಟೈರ್ ಆಗ್ರಿ" ಅಂತ ನಕ್ಕ. ನನಗಿನ್ನೂ ಏಳು ತಿಂಗಳಿದೆ. ಅಲ್ಲಿಯ ತನಕ ಟ್ಯೂಬೂ ಬಾಳಲಿ.

ಐದು ಬ್ರಾಂಚ್ ಪೋಸ್ಟಾಫೀಸು ನೋಡಬೇಕಿತ್ತು, ಮೂರು ನೋಡಿದೆ. ಇಲಾಖೆಯ ಡೈರಿಯಲ್ಲಿ ಐದು ಅಂತ ಗೀಚಿದರೆ ಯಾರು ಬಂದು ಕೇಳುತ್ತಾರೆ? ಆದರೂ ಮೂರೇ ಬರೆದೆ. ಇಪ್ಪತ್ತೆರಡು ವರ್ಷದ ಅಂಚೆ ಓವರ್ಸಿಯರ್‌ಗಿರಿಯಲ್ಲಿ ಆ ಚಾಳಿ ನನಗಿಲ್ಲ. ಆ ಡೈರಿಗೆ ಕಾರ್ಬನ್ ಇಡಬೇಕು, ಮೇಲಿನ ಪ್ರತಿ ಇನ್ಸ್‌ಪೆಕ್ಟರ್ ಸಾಹೇಬರಿಗೆ. ಮನೆಯ ಈ ಡೈರಿಗೆ ಕಾರ್ಬನ್ ಇಲ್ಲ, ಅದಕ್ಕೇ ಇದು ರುಚಿ.

ಸಾಹೇಬರ ಲಕೋಟೆ ಬಂದಿದೆ. ಒಂದು ದೂರು. ಟಿ. ಕನಕಮ್ಮ, ಬಿ.ಎ. ಹಂಪಸಾಗರದಾಚೆ ಹೊಳೆ ಕಡೆಯ ಒಂದು ಹಳ್ಳಿ... ಊರಿನ ಹೆಸರು ಇಲ್ಲೂ ಬೇಡ. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ ನೂರು ರೂಪಾಯಿ ಭತ್ಯೆ, ಮನಿಯಾರ್ಡರಿನಲ್ಲಿ ಬರುತ್ತದೆ. ಫೆಬ್ರವರಿಯಿಂದ ಒಂದೂ ಮುಟ್ಟಿಲ್ಲ ಅನ್ನುತ್ತಾಳೆ. ಆದರೆ ಲಕೋಟೆಯಲ್ಲಿ ಎಂಟು ರಸೀದಿ ಇವೆ, ಎಂಟರ ಮೇಲೂ ಆಕೆಯದೇ ರುಜು.

ಇಪ್ಪತ್ತರೊಳಗೆ ವರದಿ ಕೊಡಬೇಕಂತೆ. ಕೆಳಗೆ ಸಾಹೇಬರ ಪೆನ್ಸಿಲ್ ಟಿಪ್ಪಣಿ: ಡೆಲಿವರಿಯವನನ್ನು ಹಿಡಿಯಿರಿ.

ಹುಡುಗಿ ಸುಳ್ಳೋ, ರುಜು ಸುಳ್ಳೋ? ತಲೆಯಲ್ಲಿ ಹುಳ ಬಿಟ್ಟಂತಾಗಿದೆ. ನಾಳೆಯೇ ಹೋಗಬೇಕು.

4-10, ಮಂಗಳವಾರ, ಸಂಜೆ

ಹೋದೆ. ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ, ಆಕೆಯ ಅಣ್ಣ ಬೆನಕಪ್ಪನದು. ಅವನು ಹೊಸಪೇಟೆಗೆ ಹೋಗಿದ್ದ, ಗಿರಣಿ ಬಂದ್. ಒಳ್ಳೆಯದೇ ಆಯಿತು.

ಕನಕಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಇಪ್ಪತ್ತಮೂರು ಇರಬಹುದು. ಖಾಕಿ ನೋಡಿ ಎದ್ದಳು, ಹೆದರಲಿಲ್ಲ.

"ನಾನು ರೊಕ್ಕ ತಗಂಡು ಇಲ್ಲ ಅಂತೀನಂತ ತಿಳದೀರೇನ್ರಿ?"

"ಏನೂ ತಿಳದಿಲ್ಲವ್ವ, ತಿಳಕಳ್ಳಾಕ ಬಂದೀನಿ" ಅಂದೆ.

ನನ್ನ ಪುಸ್ತಕ ಕೊಟ್ಟು ರುಜು ಮಾಡು ಅಂದೆ. ಪೆನ್ನನ್ನು ಎಡಗೈಗೆ ತೆಗೆದುಕೊಂಡಳು! ಅಕ್ಷರವೆಲ್ಲ ಎಡಕ್ಕೆ ವಾಲುತ್ತವೆ. ರಸೀದಿಯ ರುಜುಗಳು ನೆಟ್ಟಗೆ, ಕೆಳಗೆ ಎರಡು ಗೆರೆ. ಮಾಡಿದವರು ಬೇರೆ. ಇಷ್ಟು ಗೊತ್ತಾಗಲು ಬಿ.ಎ. ಬೇಕಿಲ್ಲ.

ಆಮೇಲೆ ಒಳಗಿನಿಂದ ಒಂದು ಕಾಗದ ತಂದಳು. ಬಳ್ಳಾರಿಯ ಎಂಪ್ಲಾಯ್‌ಮೆಂಟ್ ಕಚೇರಿಯದು. ಓದಿ ನಕಲು ಮಾಡಿಕೊಂಡೆ: "ತಮಗೆ ಭತ್ಯೆ ಪಾವತಿಯಾಗಿರುವುದನ್ನು ಅಂಚೆ ಸಿಬ್ಬಂದಿ ಫೆಬ್ರವರಿಯಲ್ಲಿ ಖುದ್ದಾಗಿ ವಿಚಾರಿಸಿ ದೃಢಪಡಿಸಿದ್ದಾರೆ. ದೂರು ಸುಳ್ಳೆಂದು ಕಂಡುಬಂದಲ್ಲಿ ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು."

"ಹೆಸರು ತೆಗದ್ರ ನೌಕರಿ ಕರೆಯೂ ಬರಂಗಿಲ್ಲ ಸಾಹೇಬ್ರ. ಕೊಟ್ಟೂರಾಗ ಟೈಪಿಂಗ್ ಕಲಿಬೇಕಂತ ಮಾಡಿದ್ನಿ. ನೂರು ರೂಪಾಯಿ ಬಂದಿದ್ರ ಇಷ್ಟೊತ್ತಿಗೆ ಲೋಯರ್ ಪರೀಕ್ಷೆ ಪಾಸಾಗಿರ್ತಿದ್ದೆ. ಅದು ಹೋಗ್ಲಿ. ನನ್ನ ಖುದ್ದಾಗಿ ವಿಚಾರಿಸಿದವರು ಯಾರ್ರಿ? ನನ್ನ ಮುಖಾನೂ ಯಾರೂ ನೋಡಿಲ್ಲ!"

ಎಂ.ಓ. ಮುಟ್ಟಿತೇ ಅಂತ ಪಡೆದವರನ್ನೇ ಕೇಳಿ ಬರೆಯುವುದು ಓವರ್ಸಿಯರನ ಕೆಲಸ, ಇದು ನನ್ನ ಬೀಟು. ಆದರೆ ಫೆಬ್ರವರಿಯಲ್ಲಿ ಹದಿನೈದು ದಿನ ರಜೆ ಹಾಕಿದ್ದೆ, ಮಗಳು ಜೋಹರಾಳ ನಿಕಾಹ್‌ಗೆ. ನನ್ನ ಬದಲಿಗೆ ಬಂದಿದ್ದವನು ಶಿವಯೋಗಪ್ಪ. ಈಗ ಕೊಟ್ಟೂರಿನಲ್ಲಿದ್ದಾನೆ. ಆ ಮಹಾನುಭಾವನದೇ ಕೆಲಸ. ಹುಡುಗಿಗೂ ಹೇಳಿದೆ, "ಅದನ್ನೂ ಪತ್ತೆ ಹಚ್ಚತೀನವ್ವ" ಅಂತ.

6-10, ಗುರುವಾರ

ಡೆಲಿವರಿಯ ಮೈಲಪ್ಪನನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡೆ. ಹನ್ನೊಂದು ವರ್ಷದಿಂದ ಟಪ್ಪಾಲು ಹೊರುತ್ತಾನೆ. ಖಾಯಂ ಅಲ್ಲ, ಪಿಂಚಣಿ ಇಲ್ಲ. ಮೂರು ಹೆಣ್ಣುಮಕ್ಕಳು. ಗದರಿಸುವ ಮೊದಲೇ ಹೇಳಿಬಿಟ್ಟ.

"ಗಿರಣ್ಯಾಗ ಆಕಿ ಅಣ್ಣನ ಕೈಯಾಗ ಕೊಟ್ಟೀನ್ರಿ. ಫಾರಂ ಒಳಗ ಒಯ್ತಿದ್ದ, ಸೈನ್ ಮಾಡಿಸ್ಕೊಂಡು ತರ್ತಿದ್ದ. ಮನ್ಯಾಗ ಆಕಿನ ಮಾಡ್ತಾಳಂತ ತಿಳದಿದ್ನಿ."

"ಹೆಸರು ಯಾರದಲೇ ಎಂ.ಓ. ಮ್ಯಾಲೆ?"

"ಲಗ್ನ ಆಗದ ಹುಡುಗಿರಿ. ಅಂಗಳಕ್ಕ ಕರದು ಕೈಯಾಗ ರೊಕ್ಕ ಇಟ್ರ ಓಣಿಯವರು ಏನಂತಾರ? ಹೆಣ್ಣುಮಕ್ಕಳ ಎಂ.ಓ. ಎಲ್ಲಾ ಕಡೆ ಹಿಂಗ ಅಲ್ಲೇನ್ರಿ, ಯಜಮಾನ್ರ ಕೈಗೆ?"

ಹೌದು, ಎಲ್ಲಾ ಕಡೆ ಹೀಗೇ. ರೂಲ್ ಪುಸ್ತಕದಲ್ಲಿ ಮಾತ್ರ ಹಾಗಿಲ್ಲ.

"ಆಕಿ ಒಂದಿನಾನೂ ಕೇಳಲಿಲ್ಲೇನು?"

"ಕೇಳ್ಯಾಳ್ರಿ. ಬಂತೇನಣ್ಣ ಅಂದ್ಲು. ನಿಮ್ಮಣ್ಣನ ಕೇಳವ್ವ ಅಂದೆ. ಅಣ್ಣ ಬಂದಿಲ್ಲಂತಾನ ಅಂದ್ಲು, ನಗಚಾಟ್ಲಿ ಮಾಡ್ತಾಳಂತ ತಿಳದ್ನಿ."

ಅವನ ಕೈಯಲ್ಲಿದ್ದ ಬೀಡಿ ಹಾಗೇ ಆರಿತ್ತು. ಪೈಸೆ ತಿಂದವನ ಮುಖ ನನಗೆ ಗೊತ್ತು. ಇದು ಅದಲ್ಲ. ಪಾಪ ಅನ್ನಿಸಿತು. ಆದರೆ ಸಾಹೇಬರಿಗೆ ಬೇಕಾದವನು ಇವನೇ.

8-10, ಶನಿವಾರ

ಬೆನಕಪ್ಪ ಸಿಕ್ಕ. ಮೈಯೆಲ್ಲ ಹಿಟ್ಟು, ಬಾಯಿ ತುಂಬ ಮರ್ಯಾದೆ. "ಬರ್ರಿ ಬರ್ರಿ ಮೌಲಾಸಾಬ್ರ, ಬಾಳ ದಿನಕ್ಕ ಬಂದ್ರಿ. ಚಾ ಹೇಳ್ತೀನಿ, ನಿಮಗ ಸಕ್ಕರಿ ಜಾಸ್ತಿ ಅಲ್ಲ?"

ನನ್ನ ಸಕ್ಕರೆ ಇವನಿಗೆ ಹೇಗೆ ಗೊತ್ತು? ಆ ಕ್ಷಣ ಕೇಳಬೇಕಿತ್ತು, ಕೇಳಲಿಲ್ಲ. ಚಹಾ ಮಾತ್ರ ಬೇಡ ಅಂದೆ.

ಎಂಟು ರಸೀದಿ ಎದುರಿಗೆ ಹಾಸಿದೆ. ಅವನ ಉದ್ರಿ ಪುಸ್ತಕ ಅಲ್ಲೇ ಇತ್ತು. ಪ್ರತಿ ಹೆಸರಿನ ಕೆಳಗೂ ಅದೇ ಎರಡು ಗೆರೆ! ಬೆರಳಿಟ್ಟು ತೋರಿಸಿದೆ. ಅವನೇನೂ ನಾಚಲಿಲ್ಲ.

"ಹೌದ್ರಿ, ನಾನ ಮಾಡೀನಿ. ಕಳುವು ಅಂತೀರೇನು? ಅಪ್ಪ ಸತ್ತಮ್ಯಾಲ ಓದಿಸಿದವ್ರು ಯಾರು? ಬೆಲ್ಟ್ ಹರದು ಗಿರಣಿ ನಿಂತಿತ್ತು, ಹಾಕಿಸಿದೆ. ಆ ಗಿರಣಿ ಹಿಟ್ಟ ಆಕಿನೂ ಉಣ್ತಾಳ."

"ಹಂಗಾದ್ರ ಬಂದೈತಿ ಅಂತ ಆಕಿಗೆ ಒಂದು ಮಾತು ಹೇಳಬೇಕಿತ್ತಲ್ಲಪ್ಪ."

ಒಳಗಿನ ಬಾಗಿಲಲ್ಲಿ ಕನಕಮ್ಮ ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಕೂಗಾಡಲಿಲ್ಲ. "ಎಂಟು ತಿಂಗಳು ದಿನಾ ಮಧ್ಯಾಹ್ನ ಟಪ್ಪಾಲಿನ ದಾರಿ ಕಾದೀನಿ, ನೀ ನೋಡ್ಕೋತ ಇದ್ದೆಲ್ಲಣ್ಣ" ಅಂದಳು ಅಷ್ಟೆ. ಬೆನಕಪ್ಪ ಗಿರಣಿಯ ಸ್ವಿಚ್ ಒತ್ತಿಬಿಟ್ಟ. ಆ ಸದ್ದಿನಲ್ಲಿ ಯಾರ ಮಾತೂ ಕೇಳದು.

ಬರುವ ದಾರಿಯುದ್ದಕ್ಕೂ ಬೈದದ್ದು ಮಾತ್ರ ಶಿವಯೋಗಪ್ಪನನ್ನು. ಫೆಬ್ರವರಿಯಲ್ಲಿ ಆ ಕತ್ತೆ ಹತ್ತು ಹೆಜ್ಜೆ ಒಳಗೆ ಹೋಗಿ ಹುಡುಗಿಯನ್ನು ಕೇಳಿದ್ದರೆ ಮೊದಲ ತಿಂಗಳೇ ಗುಟ್ಟು ರಟ್ಟಾಗುತ್ತಿತ್ತು. ಸಂಬಳ ಯಾತಕ್ಕೆ ತಿನ್ನುತ್ತಾರೋ! ಕೊಟ್ಟೂರಿಗೆ ಕಾಗದ ಬರೆದೆ, ಸ್ವಲ್ಪ ಖಾರವಾಗಿಯೇ.

13-10, ಗುರುವಾರ

ಶಿವಯೋಗಪ್ಪನ ಕಾರ್ಡು. ಅವನೂ ಖಾರವಾಗಿಯೇ ಬರೆದಿದ್ದಾನೆ. "ನಾನು ಚಾರ್ಜು ತೆಗೆದುಕೊಂಡಿದ್ದು ಫೆಬ್ರವರಿ 14. ಆ ಊರಿನ ಪಾವತಿ ವಿಚಾರಣೆ ಅಷ್ಟರೊಳಗೆ ಆಗಿಹೋಗಿತ್ತು. ತಮ್ಮ ಕಾರ್ಬನ್ ಪ್ರತಿ ತಾವೇ ನೋಡಿಕೊಳ್ಳಬೇಕು."

ಹುಚ್ಚ. ಆಗಿಹೋಗಿತ್ತಂತೆ! ಮಾಡಿದವರು ಯಾರು, ಇವರಪ್ಪನೋ?

ಹಳೆಯ ಪ್ರತಿಗಳು ಟ್ರಂಕಿನಲ್ಲಿವೆ. ನನ್ನ ಹೆಂಡತಿ ಪೀರ್ ಬೀ ಅದರ ಮೇಲೆ ಹಾಸಿಗೆ ಒಟ್ಟಿದ್ದಾಳೆ. ನಾಳೆ ತೆಗೆಸಿ ಅವನ ಮುಖಕ್ಕೆ ಎಸೆಯುತ್ತೇನೆ.

14-10, ಶುಕ್ರವಾರ

11-2-83. ಶುಕ್ರವಾರ. ನನ್ನ ಅಕ್ಷರ.

"ಟಿ. ಕನಕಮ್ಮ, ಎಂ.ಓ. ರೂ. 100. ಖುದ್ದಾಗಿ ವಿಚಾರಿಸಲಾಗಿದೆ. ಸರಿ ಇದೆ."

18-10, ಮಂಗಳವಾರ, ಬೆಳಗಿನ ಫಜರ್ ನಮಾಜಿನ ನಂತರ

ಮೂರು ದಿನ ಪೆನ್ನು ಮುಟ್ಟಲಿಲ್ಲ. ದಸರಾ, ಮೊಹರಂನ ಅಲಾಯಿ ಹಬ್ಬ ಒಂದೇ ವಾರ ಬಂದಿದ್ದವು, ನೆಪ ಸಿಕ್ಕಿತು.

ಈಗ ಎಲ್ಲ ನೆನಪಾಗುತ್ತಿದೆ. ಜುಮ್ಮಾ ನಮಾಜಿಗೆ ಹಂಪಸಾಗರ ಮುಟ್ಟಬೇಕಿತ್ತು. ಮರುದಿನದಿಂದ ರಜೆ, ತಲೆತುಂಬ ನಿಕಾಹಿನ ಶಾಮಿಯಾನ, ಬಿರಿಯಾನಿ. ಗಿರಣಿಯ ಮುಂದೆ ಸೈಕಲ್ ನಿಲ್ಲಿಸಿದೆ, ಇಳಿಯಲೂ ಇಲ್ಲ, ಒಂದು ಕಾಲು ನೆಲದ ಮೇಲೆ. "ನಿಮ್ಮ ತಂಗಿ ಎಂ.ಓ. ಮುಟ್ಟಿತೇನಪ್ಪ?" "ಮುಟ್ಟೈತ್ರಿ ಸಾಹೇಬ್ರ, ಚಾ ಕುಡೀರಿ." ಕುಡಿದೆ. ಸಕ್ಕರೆ ಜಾಸ್ತಿ ಹಾಕಿಸಿಕೊಂಡೆ.

ಲಂಚ ಅಲ್ಲ, ಅವಸರವೊಂದೇ ಅಲ್ಲ. ಮನೆಯ ಗಂಡಸು ಹೌದು ಅಂದಮೇಲೆ ಹುಡುಗಿಯನ್ನು ಕರೆದು ಕೇಳುವುದು ನನ್ನ ತಲೆಗೇ ಬರಲಿಲ್ಲ. ಎಂಟು ತಿಂಗಳಾದ ಮೇಲೂ ಅದು ತಪ್ಪು ಅಂತ ನೆನಪಿನಲ್ಲಿ ಉಳಿಯಲಿಲ್ಲ. ನನಗೆ ಇದೇ ಸೋಜಿಗ.

ಪೀರ್ ಬೀಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡಲಿಲ್ಲ.

"ನಮ್ಮ ಜೋಹರಾನ ಸ್ಕಾಲರ್‌ಶಿಪ್ ಬರ್ತಿತ್ತಲ್ರಿ ಹೈಸ್ಕೂಲ್ದಾಗ? ಅದರ ಮ್ಯಾಲೆ ಸೈನ್ ಯಾರು ಮಾಡ್ತಿದ್ರು?"

"ನಾನೇ. ಮನೆಗೇ ಖರ್ಚಾಯ್ತಲ್ಲ."

"ಅದನ್ನ ಆಕಿಗೆ ಯಾವತ್ತಾರ ಹೇಳಿದ್ರೇನು?"

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಅದೇ ದಿನ, ಸಂಜೆ 5

ಅಕ್ಟೋಬರಿನ ಭತ್ಯೆ ಬಂದಿತ್ತು. ಮೈಲಪ್ಪನ ಜೊತೆ ನಾನೂ ಹೋದೆ. ದಾರಿಯಲ್ಲಿ ಕೇಳಿಯೇಬಿಟ್ಟೆ, ಫೆಬ್ರವರಿಯಲ್ಲಿ ನಾನು ಬಂದಿದ್ದು ನಿನಗೆ ಗೊತ್ತಿತ್ತೇನು ಅಂತ.

"ಗೊತ್ತಿಲ್ದ ಏನ್ರಿ. ಮೊದಲ್ನೇ ತಿಂಗಳು ಅಣ್ಣನ ಕೈಗೆ ಕೊಟ್ಟು ಎರಡು ದಿನ ನಿದ್ದಿ ಇರ್ಲಿಲ್ಲ. ಮುಂದಿನ ಸಲ ಆಕಿನ್ನ ಕರದ ಕೊಡಬೇಕಂತ ಮಾಡಿದ್ನಿ. ಆಮ್ಯಾಲೆ ನೀವು ಬಂದ್ರಿ, ಅಣ್ಣನ್ನ ಕೇಳಿ ಸರಿ ಅಂತ ಬರಕೊಂಡು ಹೋದ್ರಿ. ದೊಡ್ಡವ್ರ ಹಂಗ ಮಾಡಿದಮ್ಯಾಲ ಅದ ಸರಿ ಇರಬೇಕು ಅಂತ ಧೈರ್ಯ ಬಂತ್ರಿ."

"ಮತ್ತ ಆವತ್ತು ಬೇವಿನ ಗಿಡದ ಕೆಳಗ ಯಾಕ ಹೇಳಲಿಲ್ಲ?"

"ನಿಮಗ ಗೊತ್ತಿದ್ದದ್ದನ್ನ ನಿಮಗೇನು ಹೇಳ್ಲಿ ಅಂತ ಸುಮ್ಮನಾದೆ."

ಕುಹಕವಿಲ್ಲ, ದೂರಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ. ಬೈದಿದ್ದರೆ ಹಗುರಾಗುತ್ತಿತ್ತು.

ಗಿರಣಿಯ ಮುಂದೆ ಸೈಕಲ್ಲಿನಿಂದ ಇಳಿದೆ. ಸ್ಟ್ಯಾಂಡ್ ಹಾಕಿದೆ. "ಟಿ. ಕನಕಮ್ಮ ಅವರ ಎಂ.ಓ. ಬಂದೈತಿ!" ಅಂತ ಮೈಲಪ್ಪ ಗಂಟಲು ಬಿಚ್ಚಿ ಕೂಗಿದ. ಜೋಳ ಬೀಸಲು ಬಂದಿದ್ದ ಹೆಂಗಸರೆಲ್ಲ ತಿರುಗಿದರು. ಬೆನಕಪ್ಪ ಗೋಣು ಎತ್ತಲಿಲ್ಲ. ಆಕೆ ಬಂದಳು. ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಫಾರಂ ಇಟ್ಟು ಎಡಗೈಯಲ್ಲಿ ರುಜು ಮಾಡಿದಳು. "ಅಯ್ಯ, ಎಡಚಿ ಅದಾಳ ನೋಡ್ರೇ!" ಅಂತ ಒಬ್ಬಳು ನಕ್ಕಳು. ಕನಕಮ್ಮನೂ ನಕ್ಕಳು. ಓಣಿ ಏನೂ ಮುಳುಗಲಿಲ್ಲ.

ನೋಟು ಸೆರಗಿಗೆ ಕಟ್ಟಿಕೊಂಡು ನನ್ನ ಕಡೆ ನೋಡಿದಳು.

"ಇಪ್ಪತ್ತೈದಕ್ಕ ಟೈಪಿಂಗ್ ಅಡ್ಮಿಷನ್ ಐತ್ರಿ, ಹೋಗ್ತೀನಿ. ಆದ್ರ ಬಳ್ಳಾರಿಯವರ ಪುಸ್ತಕದಾಗ ನಾನಿನ್ನೂ ಸುಳ್ಳುಗಾರ್ತಿ ಅದೀನ್ರಿ. ಹೆಸರು ಉಳೀಬೇಕಂದ್ರ ಆ ಫೆಬ್ರವರಿದು ಸುಳ್ಳಂತ ಬರೀಬೇಕಲ್ಲ. ಯಾರಂತ ಪತ್ತೆ ಹಚ್ಚತೀನಿ ಅಂದಿದ್ರಿ. ಸಿಕ್ಕರೇನ್ರಿ?"

"ಸಿಕ್ಕಾನವ್ವ" ಅಂದೆ.

"ಯಾರ್ರಿ?"

ಮೈಲಪ್ಪ ಚೀಲದ ಬಾಯಿ ಕಟ್ಟುತ್ತ ನೆಲ ನೋಡಿದ. "ಬರದು ಕಳಸ್ತೀನವ್ವ, ಅದರಾಗ ಇರತೈತಿ" ಅಂದೆ. ಹೇಡಿ. ಸೈಕಲ್ ಹತ್ತಿ ಬಂದುಬಿಟ್ಟೆ.

20-10, ಗುರುವಾರ, ಬೆಳಿಗ್ಗೆ 7

ನಿನ್ನೆ ಸಾಹೇಬರು ಬೊಮ್ಮನಹಳ್ಳಿಗೆ ಬಂದಿದ್ದರು. "ಮೌಲಾಸಾಬ್, ಡೆಲಿವರಿಯವನ ಮೇಲೆ ಬರೆದು ಕೇಸ್ ಮುಗಿಸಿರಿ. ವಿಚಾರಣೆ ನಡೆದಿತ್ತು, ಆಮೇಲೆ ಅವನು ಕೆಟ್ಟ ಅಂದರಾಯಿತು. ಮೇ ತಿಂಗಳಿಗೆ ನೀವು ಹೂವಿನ ಹಾರ ಹಾಕಿಸಿಕೊಂಡು ಮನೆಗೆ ಹೋಗಬೇಕಲ್ಲ?"

ಅವರಿಗೂ ಗೊತ್ತು. ಕಾರ್ಬನ್ನಿನ ಮೇಲಿನ ಪ್ರತಿ ಅವರಲ್ಲೇ ಇದೆ.

ಹಾಗೆ ಬರೆದರೆ ಮೈಲಪ್ಪನ ಕೆಲಸ ಹೋಗುತ್ತದೆ. ಹುಡುಗಿಯ ಮೇಲಿನ ಸುಳ್ಳೂ ಹಾಗೇ ಉಳಿಯುತ್ತದೆ, ಫೆಬ್ರವರಿಯಲ್ಲಿ ಖುದ್ದಾಗಿ ಕೇಳಿದವನೊಬ್ಬ ಇದ್ದಾನಲ್ಲ. ಇನ್ನೊಂದು ಥರ ಬರೆದರೆ ನನಗೆ ಏನಾಗುತ್ತದೆ? ಪಿಂಚಣಿ ಕತ್ತರಿಸುತ್ತಾರೋ, ಪೂರಾ ನಿಲ್ಲಿಸುತ್ತಾರೋ. ರೂಲ್ ಪುಸ್ತಕ ತಿರುವಿದೆ. ಇಪ್ಪತ್ತೆರಡು ವರ್ಷದಲ್ಲಿ ಆ ಪುಟ ಮಾತ್ರ ಓದಿರಲಿಲ್ಲ. ಓದಿ ಮುಚ್ಚಿದೆ.

ಪೀರ್ ಬೀ ಚಹಾ ಇಟ್ಟು ಹೋದಳು. ಸಕ್ಕರೆಯೇ ಹಾಕಿಲ್ಲ. ಮರೆತಳೋ, ಬೇಕಂತಲೋ, ಗೊತ್ತಿಲ್ಲ. ಕುಡಿದೆ.

ವರದಿಯ ಮೂರು ಸಾಲು ಬರೆದಾಯಿತು. ಎಂಟು ರುಜುವೂ ಬೆನಕಪ್ಪನವು. ಮೈಲಪ್ಪ ಹಣ ತಿಂದಿಲ್ಲ, ವಾಡಿಕೆಯಂತೆ ಕೊಟ್ಟಿದ್ದಾನೆ. ಟಿ. ಕನಕಮ್ಮ ಅವರ ದೂರು ಸತ್ಯ.

ನಾಲ್ಕನೆಯ ಸಾಲನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ. ಬರೆಯಲಾದರೆ ವರದಿಯಲ್ಲೂ ಬರೆಯುತ್ತೇನೆ, ಕಾರ್ಬನ್ ಇಟ್ಟು.

11-2-83ರಂದು ಮೌಲಾಸಾಬ್ ಎಂಬ ನಾನು, ಸದರಿ ಹುಡುಗಿಯ ಮುಖವನ್ನೂ ನೋಡದೆ, ಆಕೆಯ ಅಣ್ಣನ ಮಾತು ಕೇಳಿ "ಖುದ್ದಾಗಿ ವಿಚಾರಿಸಲಾಗಿದೆ" ಎಂದು ಸುಳ್ಳು ಬರೆದಿದ್ದೇನೆ.