ಬಾಗಿಲ ಮೇಲಿನ ಗರಿ

ಮಸಾಕಾ, ಸೋಮವಾರ

ಉಪದೇಶಿ ಸೆಬುನ್ಯಾ ಅವರಿಗೆ ಪೊನ್ಸಿಯಾನೊ ಬರೆಯುವುದು.

ನಾಡಿದ್ದು ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿಗಾಗಿ ಸುಡಲು ಹಳೆಯ ತಾಳೆಗರಿಗಳನ್ನು ಕೇಳಿದ್ದಿರಿ. ನಮ್ಮ ಬಾಗಿಲ ಮೇಲಿನದು ಹೋದ ವರ್ಷದ ಗರಿಗಳ ಭಾನುವಾರ ನನ್ನ ಹೆಂಡತಿ ರೆಸ್ಟಿಟೂಟಾ ಶಿಲುಬೆಯಾಗಿ ಹೆಣೆದದ್ದು. ಅದಕ್ಕೇ ತಡವಾಯಿತು.

ನಿನ್ನೆ ಪೂಜೆ ಮುಗಿದ ಮೇಲೆ ನೀವು, “ಏನಯ್ಯಾ, ಈ ನಲವತ್ತು ದಿನದ ತಪಸ್ಸುಕಾಲಕ್ಕೆ ಏನು ಬಿಡ್ತೀಯ? ನೀನು ಬಿಯರ್ ಬಿಟ್ರೆ ನಕಾಟೊ ಅಂಗಡಿ ಮುಚ್ಚಬೇಕಾಗತ್ತೆ ನೋಡು,” ಎಂದು ನಕ್ಕಿರಿ. ಆಗಸ್ಟಿನಲ್ಲಿ ರೆಸ್ಟಿಟೂಟಾಳನ್ನು ಮಣ್ಣು ಮಾಡಿದ ಮೇಲೆ ನನಗೆ ಬಿಯರ್, ಮಾಂಸ, ಬಾಳೆಕಾಯಿ ಎಲ್ಲವೂ ಒಂದೇ. ರುಚಿಸದ್ದನ್ನು ಬಿಟ್ಟರೆ ಅದು ಉಪವಾಸವಲ್ಲ.

ಬಿಡಲು ಮನಸ್ಸಿಲ್ಲದ್ದು ಈ ಗರಿಯೊಂದೇ. ಪತ್ರದ ಜೊತೆ ಕಳಿಸಿದ್ದೇನೆ. ಎಲ್ಲರ ಗರಿಗಳ ಜೊತೆಗೇ ಸುಡಿ, ಬೇರೆ ಇಡಬೇಡಿ. ಹಣೆಗೆ ಬೂದಿ ಹಚ್ಚುವಾಗ ಮಾತ್ರ ನನಗೆ ಸ್ವಲ್ಪ ಒತ್ತಿ ಹಚ್ಚಿ.

ನಿಮ್ಮ ಸಭೆಯ
ಪೊನ್ಸಿಯಾನೊ ಕಿಗುಂಡು