ಬೆಲ್ಲದಲ್ಲಿ ತೂಗಿ ವಿಮಾನ ಹತ್ತಿಸಿದ ಕೂಸು

ಕೊಪ್ಪಳ
೨೨ ಡಿಸೆಂಬರ್ ೧೯೪೬

ಚಿರಂಜೀವಿ ಸೌಭಾಗ್ಯವತಿ ತಂಗಿ ಶೇಖರಮ್ಮಳಿಗೆ, ನೆಲದ ಮೇಲೆಯೇ ಉಳಿದ ಅಣ್ಣನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವ ಮೊದಲು ನಿನ್ನೆದುರು ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಉಮಾಪತಿ ಎಂಬ ನಾನು, ವಯಸ್ಸು ಮೂವತ್ತೊಂದು, ಧಾರವಾಡದ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಸದ್ಯ ಕೊಪ್ಪಳದ ಸಾಲಿಯಲ್ಲಿ ಇಂಗ್ಲೀಷ್ ಮಾಸ್ತರನಾಗಿರುವವನು, ಇದೇ ತಿಂಗಳ ಎಂಟನೆಯ ತಾರೀಖು ಮುಂಜಾನೆ ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ಏಳು ತಿಂಗಳ ಒಂದು ಕೂಸಿನ ತಲೆಯ ಮೇಲಿಂದ ಒಂದು ಕುಲಾಯಿಯನ್ನು, ಕೂಸಿನ ಒಪ್ಪಿಗೆ ಇಲ್ಲದೆ, ತಾಯಿಯ ಕಣ್ಣು ತಪ್ಪಿಸಿ ಕದ್ದಿದ್ದೇನೆ. ಹಸಿರು ಖಣದ್ದು, ಅಂಚಿಗೆ ಕೆಂಪು ನೂಲಿನ ಹೊಲಿಗೆ. ದಿಲ್ಲಿಯಲ್ಲಿ ನೀನು ಗಂಟುಗಳನ್ನೆಲ್ಲ ಬಿಚ್ಚಿ ಹುಡುಕಿರುತ್ತೀ. ಹುಡುಕಬೇಡ. ನನ್ನ ಕೋಟಿನ ಒಳಜೇಬಿನಲ್ಲಿದೆ. ಶಿಕ್ಷೆ ಕೊಡುವ ಮೊದಲು ಇಷ್ಟನ್ನು ಗಮನಿಸು: ಉಣ್ಣೆಯ ಟೊಪ್ಪಿಗೆಯನ್ನು ಅವನ ತಲೆಗೆ ಹಾಕಿದ ಮೇಲೆಯೇ ಖಣದ್ದನ್ನು ಜೇಬಿಗಿಳಿಸಿದೆ. ಕಳ್ಳನಾದರೂ ಸೋದರಮಾವ.

ಇನ್ನು ಪತ್ರಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯಲು ಹೊರಟಿದ್ದೇನೆ. ಯಾಕೆಂದರೆ ಆ ಐದು ದಿನ ನೀನು ಎಲ್ಲವನ್ನೂ ನೋಡಿದಿ, ನಿನ್ನನ್ನು ಮಾತ್ರ ನೋಡಿಕೊಳ್ಳಲಿಲ್ಲ. ನಾನು ನೋಡಿದೆ.

ಸುರುವಾದದ್ದು ನಾಲ್ಕನೆಯ ತಾರೀಖಿನ ತಂತಿಯಿಂದ. ನಿನ್ನ ಗಂಡ ದೇವೇಂದ್ರಪ್ಪನವರು ಎರಡು ವರ್ಷದ ತರಬೇತಿಗೆ ವಿಲಾಯತಿಗೆ ಹೋಗುವವರು. ಕರಾಚಿಯಲ್ಲಿ ಹಡಗು ಹತ್ತಲು ಒಂಬತ್ತರ ಮಧ್ಯಾಹ್ನ ದಿಲ್ಲಿ ಬಿಡಬೇಕು. ಕೂಸು ಹುಟ್ಟಿದ್ದು ಇಲ್ಲಿ, ತವರಿನಲ್ಲಿ. ದಿಲ್ಲಿಯ ನೌಕರಿಯಲ್ಲಿ ಅವರಿಗೆ ರಜೆ ಸಿಕ್ಕಿರಲಿಲ್ಲ, ಮಗನ ಮುಖ ಅವರು ಕಂಡಿರಲಿಲ್ಲ. ನೀವು ನವೆಂಬರ್ ಕೊನೆಗೇ ರೈಲು ಹತ್ತುವುದಿತ್ತು. ಆದರೆ ಕೂಸಿಗೆ ಜ್ವರ ಬಂತು. ಜ್ವರ ಬಿಡುವುದರೊಳಗೆ ರೈಲಿನ ಲೆಕ್ಕ ತಪ್ಪಿತ್ತು. ಅದಕ್ಕೇ ಆ ತಂತಿ: ಹೈದರಾಬಾದಿನಿಂದ ಎಂಟರ ವಿಮಾನದಲ್ಲಿ ನಿನಗೂ ಮಕ್ಕಳಿಗೂ ಜಾಗ ಹಿಡಿದಿದ್ದೇನೆ, ಬಾ.

"ರೈಲಿನಾಗ ಹೋದ್ರ ಆಗೂದಿಲ್ಲೇನೋ ಉಮಾಪತಿ?" ಎಂದಳು ಅವ್ವ.

"ಆಗ್ತೈತಿ ಅವ್ವಾ. ಒಂಬತ್ತರ ರಾತ್ರಿ ಮುಟ್ಟತಾರ. ಅವರು ಹೋದ ದಾರಿ ನೋಡಿಕೋತ ಕುಂದ್ರತಾರ."

ನಮ್ಮ ಮನೆತನದ ಮಾನವೆಲ್ಲ ಆವತ್ತಿನಿಂದ ವಿಮಾನಕ್ಕೆ ಜೋತುಬಿತ್ತು. ನಾನು ತಕ್ಷಣ ತಯಾರಿ ಖಾತೆಯ ದಿವಾನನಾದೆ. ದೇವೇಂದ್ರಪ್ಪನವರು ಮುಂದಾಲೋಚನೆಯ ಮನುಷ್ಯ. ಬೇಕಾದೀತು ಎಂದು ಹಿಂದಿನ ಪತ್ರದಲ್ಲೇ ವಿಮಾನದ ಸೂಚನೆಗಳ ಇಂಗ್ಲೀಷ್ ಹಾಳೆಯೊಂದನ್ನು ಇಟ್ಟಿದ್ದರು. ಅದನ್ನು ಊರಿನಲ್ಲಿ ಪೂರ್ತಿ ಓದಬಲ್ಲವನು ನಾನೊಬ್ಬನೇ ಆದ್ದರಿಂದ, ಅದರಲ್ಲಿ ಇಲ್ಲದ್ದನ್ನೂ ಸೇರಿಸಿ ಓದಿದೆ.

ವಿಮಾನದ ಸದ್ದಿಗೆ ಮಕ್ಕಳು ಬೆದರುತ್ತವೆ ಎಂದಿತ್ತು. ಕೂಸನ್ನು ಹಿಟ್ಟಿನ ಗಿರಣಿಗೆ ಒಯ್ದೆ. ಇಂಜಿನ್ನಿನ ಪಕ್ಕದಲ್ಲೇ ನನ್ನ ತೊಡೆಯ ಮೇಲೆ ಒಂದು ತಾಸು ನಿದ್ದೆ ಹೊಡೆದ; ಗಿರಣಿ ನಿಂತಿತೋ ಇಲ್ಲವೋ, ಊರೇ ಓಡಿ ಬರುವ ಹಾಗೆ ಅತ್ತ. ಅವನಿಗೆ ಹೆದರಿಕೆ ಇದ್ದದ್ದು ಸದ್ದಿಗಲ್ಲ, ಶಾಂತಿಗೆ. ಪಟ್ಟಿ ಕಟ್ಟಿಕೊಂಡು ಕೂಡಬೇಕು ಎಂದಿತ್ತು. ನಾಲ್ಕು ವರ್ಷದ ನಿನ್ನ ಮಗಳು ಮಾಳವ್ವನನ್ನು ನನ್ನ ಧೋತರದಿಂದ ಕುರ್ಚಿಗೆ ಕಟ್ಟಿ ಅಭ್ಯಾಸ ಮಾಡಿಸಿದೆ. ಅದು ಆಕೆಗೆ ಎಷ್ಟು ರುಚಿಸಿತೆಂದರೆ, ಮರುದಿನ ಕಟ್ಟದಿದ್ದರೆ ಊಟಕ್ಕೇ ಕೂಡಲಿಲ್ಲ. "ಮಾಮಾ, ವಿಮಾನಕ್ಕ ಮೇವು ಯಾರು ಹಾಕ್ತಾರ?" ಎಂದು ಕೇಳಿದಳು. ಬಿ.ಎ. ಆದವನು ನಾನು ಹಾರಿಕೆಯ ಉತ್ತರ ಕೊಟ್ಟೆ. ವಿಷಯವೂ ಹಾರುವುದೇ ಆಗಿತ್ತಲ್ಲ.

ಕಷ್ಟ ಬಂದದ್ದು ಏಳನೆಯ ಸೂಚನೆಗೆ. ವಿಮಾನ ಏರುವಾಗ ಇಳಿಯುವಾಗ ಕಿವಿ ಬಿಗಿಯುತ್ತವೆ. ದೊಡ್ಡ ಮಕ್ಕಳು ಏನಾದರೂ ಜಗಿಯಬೇಕು, ಮೊಲೆಯುಣ್ಣುವ ಕೂಸಿಗೆ ತಾಯಿ ಆಗ ಹಾಲೂಡಬೇಕು. ಜ್ವರದಿಂದ ಎದ್ದ ಕೂಸು, ಮೂಗು ಇನ್ನೂ ಕಟ್ಟಿತ್ತು. ಇದನ್ನು ಬಿಡುವಂತೆಯೇ ಇರಲಿಲ್ಲ. ಆದರೆ ಅಣ್ಣನಾದವನು ತಂಗಿಗೆ ಇದನ್ನು ಹೇಗೆ ಹೇಳುವುದು? ಪಡಸಾಲೆಯಲ್ಲಿ ನಾಲ್ಕು ಸಲ ಓಡಾಡಿ, ನಾಲ್ಕು ಸಲ ಕೆಮ್ಮಿದೆ. ನೀನು ಒಳಗಿನಿಂದ "ಅಣ್ಣಾ, ನಿನಗೂ ಜ್ವರ ಬಂದಾವೇನು?" ಎಂದಿ. ಕೊನೆಗೆ, ನಿನ್ನ ಎರಡೂ ಬಾಣಂತನ ಮಾಡಿದ ಸೂಲಗಿತ್ತಿ ಜೋಹರಾಬಿಯ ಮನೆಗೆ ಹೋಗಿ, "ಕೂಸಿನ ಆಹಾರದ ವಿಷಯಕ್ಕೆ ಸಂಬಂಧಪಟ್ಟಂತೆ..." ಎಂದು ಭಾಷಣ ಸುರು ಮಾಡಿದೆ.

ಆಕೆ ಅರ್ಧಕ್ಕೇ ತಡೆದಳು. "ಮಾಸ್ತರಾ, ಮಲಿ ಕುಡಸಬೇಕು ಅಂತ ಹೇಳಾಕ ಇಷ್ಟು ದೂರ ಸುತ್ತಿ ಬರ್ತಿರಲ್ಲರೀ? ಎತ್ತಿನ ಗಾಡ್ಯಾಗ ಕೂಸು ಅತ್ತರ ಏನು ಮಾಡ್ತಾರೋ ವಿಮಾನದಾಗೂ ಅದನ್ನ ಮಾಡೂದು. ಇದನ್ನ ತಿಳಕೊಳ್ಳಾಕ ಇಂಗ್ಲೀಷ್ ಕಾಗದ ಬೇಕಾತು?"

ಅದೇ ಸಂಜೆ ಆಕೆ ಬಂದು ನಿನ್ನ ಕಿವಿಯಲ್ಲಿ ಹೇಳಿದಳು, ನೀವಿಬ್ಬರೂ ಅಡುಗೆಮನೆಯಲ್ಲಿ ನಕ್ಕ ನಗೆ ನನಗೆ ಹಿತ್ತಲಿಗೂ ಕೇಳಿಸಿತು.

ಇನ್ನು ಆ ತೂಕದ ಸಂಗತಿ. ನಿನ್ನಿಂದಲೂ ಅವ್ವನಿಂದಲೂ ನಾನು ಕ್ಷಮೆ ಕೇಳಬೇಕಾದದ್ದು ಇದಕ್ಕೇ. ವಿಮಾನದವರು ಗಂಟುಗಳನ್ನಷ್ಟೇ ಅಲ್ಲ, ಜನರನ್ನೂ ತೂಗುತ್ತಾರೆ ಎಂದು ಹಾಳೆಯಲ್ಲಿತ್ತು. ಅಲ್ಲಿ ಹೋಗಿ ಭಾರ ಹೆಚ್ಚಾಗಿ ಒಬ್ಬರನ್ನು ಇಳಿಸಿದರೆ? ಅವ್ವ ನೋಡಿದರೆ ಅಂಟಿನುಂಡಿಯ ಡಬ್ಬಿ, ಸಜ್ಜಿರೊಟ್ಟಿಯ ಗಂಟು, ಮೇಲೆ ಕೂಸಿಗೆ ಬಜೆ ತೇಯುವ ಸಾಣೆಕಲ್ಲನ್ನೂ ಕಟ್ಟಿಟ್ಟಿದ್ದಳು.

"ದಿಲ್ಲಿಯೊಳಗ ಕಲ್ಲು ಸಿಗೂದಿಲ್ಲೇನವ್ವಾ?"

"ಸಿಗತಾವ. ನಮ್ಮ ಕಲ್ಲು ಸಿಗೂದಿಲ್ಲ."

ಆದ್ದರಿಂದ ಐದನೆಯ ತಾರೀಖು ನಿಮ್ಮನ್ನೆಲ್ಲ ಶೇಂಗಾ ಅಡತಿ ಅಂಗಡಿಗೆ ಕರೆದೊಯ್ದೆ. ಅಲ್ಲಿ ತೂಗುವ ಮುದುಕ ಚಾಂದಸಾಬ ನಿನ್ನನ್ನೂ ಮಾಳವ್ವನನ್ನೂ ಗಂಟುಗಳನ್ನೂ ದೊಡ್ಡ ತಕ್ಕಡಿಯಲ್ಲಿ ತೂಗಿದ. ಕೂಸಿನ ಸರತಿ ಬಂದಾಗ ತೂಕದ ಸಣ್ಣ ಕಲ್ಲುಗಳು ಎಲ್ಲೋ ಹೋಗಿದ್ದವು. ಪಾಪ, ಅವನು ಕೈಗೆ ಸಿಕ್ಕ ಬೆಲ್ಲದ ಉಂಡೆಗಳನ್ನು ಒಂದೊಂದಾಗಿ ಆಚೆ ಕಡೆಯ ತಟ್ಟೆಗೆ ಇಟ್ಟ. ಕೂಸು ಮೇಲೆದ್ದಿತು, ನಕ್ಕಿತು, ತಕ್ಕಡಿ ಸಮವಾಯಿತು; ಉಂಡೆ ಎಣಿಸಿ ಅವನು ಪೌಂಡಿನ ಲೆಕ್ಕ ಹೇಳಿದ. ಆಗಲೇ ಮರೆತ ಬಟ್ಟೆ ಕೊಡಲು ಅವ್ವ ಅಂಗಡಿಯ ಬಾಗಿಲಿಗೆ ಬಂದದ್ದು.

ಆಕೆಯ ಕಣ್ಣಿಗೆ ಕಂಡದ್ದೇನು? ಒಂದು ಕಡೆ ಕೂಸು, ಇನ್ನೊಂದು ಕಡೆ ಬೆಲ್ಲ. ತುಲಾಭಾರ!

"ಬೆಲ್ಲದಾಗ ತೂಗಿಬಿಟ್ಟಿರಲ್ಲೋ! ಇನ್ನ ಆ ಬೆಲ್ಲ ಹುಲಿಗೆವ್ವಂದು. ಆಕಿಗೆ ಅದನ್ನ ಮುಟ್ಟಿಸೂತನಕ ಕೂಸು ಹೊಳಿ ದಾಟೂದಿಲ್ಲ."

ನಾನು ತರ್ಕಶಾಸ್ತ್ರ ತೆಗೆದೆ. ಹರಕೆ ಹೊತ್ತಿಲ್ಲ, ಪೂಜಾರಿ ಇಲ್ಲ, ಇದು ಬರೀ ವ್ಯಾಪಾರದ ತಕ್ಕಡಿ ಎಂದೆ. ಅವ್ವ ಒಪ್ಪಲಿಲ್ಲ. ನಮ್ಮಪ್ಪನ ಹೆಸರು ಅಂದಪ್ಪ, ಕೂಸಿಗೂ ಅದೇ ಹೆಸರು. ಗಂಡನ ಹೆಸರನ್ನು ಬಾಯಲ್ಲಿ ಆಡಬಾರದೆಂದು ಮೊಮ್ಮಗನನ್ನು ಇವತ್ತಿಗೂ 'ಹಿರ್ಯಾ' ಎಂದೇ ಕರೆಯುವವಳು ಆಕೆ. ಇಂಥವಳ ಮುಂದೆ ನನ್ನ ತರ್ಕದ ತೂಕ ಎಷ್ಟು? ಮರುದಿನ ಮಧ್ಯಾಹ್ನ ನಮ್ಮ ರೈಲು. ಆ ದೇವಿಯ ಗುಡಿ ಇರುವ ಹುಲಿಗಿಗೆ ಹೋಗಿ ಬರಲು ಕೂತರೆ ಅದು ತಪ್ಪುತ್ತದೆ, ರೈಲು ತಪ್ಪಿದರೆ ವಿಮಾನ, ವಿಮಾನ ತಪ್ಪಿದರೆ ಎರಡು ವರ್ಷ.

ಆಗ ಚಾಂದಸಾಬ ಬೆಲ್ಲವನ್ನು ಹೊಸ ಅರಿವೆಯಲ್ಲಿ ಕಟ್ಟಿದ. "ತೂಗಿದಾಂವ ನಾನು, ಮುಟ್ಟಸಾಂವನೂ ನಾನ. ನಾಳೆ ನಸುಕಿನ್ಯಾಗ ಹುಲಿಗಿಗೆ ಹೋಗ್ತೀನ್ರಿ ಅವ್ವಾರ. ನಿಮ್ಮ ಗಾಡಿ ಮುನಿರಾಬಾದಿಗೆ ಬಂದಾಗ ಪರಸಾದ ತಗೊಂಡು ಟೇಸನ್ನಿನ್ಯಾಗ ನಿಂತಿರ್ತೀನಿ. ಹೊಳಿ ಅದರ ಆಚೀಕ ಐತಲ್ಲರಿ?"

ಅವ್ವ ಯೋಚಿಸಿ ಒಪ್ಪಿದಳು, ಒಂದು ಕರಾರಿನ ಮೇಲೆ: ಮುನಿರಾಬಾದಿನ ತನಕ ತಾನೂ ಬರುವವಳು, ಕೂಸು ತನ್ನ ತೊಡೆಯ ಮೇಲೆ. ಪ್ರಸಾದ ಬಂದರೆ ಕೂಸು ನಿನ್ನ ಕೈಗೆ. ಬಾರದಿದ್ದರೆ ಕೂಸಿನೊಂದಿಗೆ ಕೆಳಗಿಳಿಯುವವಳು.

ಗಿಣಿಗೇರಿ ದಾಟಿತು, ನೆನಪಿದೆಯೇ? ಮುನಿರಾಬಾದ್ ಬಂತು. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ನೋಡಿದೆ. ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸಕ್ಕೆ ಬಂದ ಜನ, ಸಿಮೆಂಟಿನ ಚೀಲ, ಬುಟ್ಟಿ. ಚಾಂದಸಾಬ ಇಲ್ಲ. ಸೀಟಿ ಊದಿದರು. ಅವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ನಾನು, ತಯಾರಿ ಖಾತೆಯ ದಿವಾನ, ಇನ್ನೂ ಕಿಟಕಿಯಲ್ಲೇ ಅರ್ಧ ಹೊರಗಿದ್ದೆ.

ಅವ್ವನಿಗೆ ಒಂದು ದಿನವೂ ಎದುರಾಡದ ನೀನು ಎದ್ದು ಬಾಗಿಲಿಗೆ ಹೋಗಿ ಎರಡೂ ಕೈ ಚಾಚಿ ನಿಂತಿ. ಅಳಲಿಲ್ಲ, ಜೋರೂ ಮಾಡಲಿಲ್ಲ.

"ಯವ್ವಾ, ಹುಲಿಗೆವ್ವ ತಾಯಿ ಅದಾಳಿಲ್ಲ? ಕೂಸಿಗೆ ಅವರಪ್ಪನ್ನ ತೋರ್ಸಾಕ ಹೊಂಟೀನಿ ನಾನು. ಇದಕ್ಕ ಸಿಟ್ಟಾಗಾಕಿ ತಾಯಿ ಹ್ಯಾಂಗಾದಾಳು? ಏನಾದ್ರೂ ಆದ್ರ ನನ್ನ ತಲಿ ಮ್ಯಾಲ ಇರಲಿ. ಕೊಡು."

ಅವ್ವ ನಿನ್ನ ಮುಖ ನೋಡಿದಳು. ಕೂಸನ್ನು ಕೊಟ್ಟಳು. ಇಳಿದಳು. ಗಾಡಿ ಅಲುಗಿದ ಮೇಲೆ ಸಿಮೆಂಟಿನ ಚೀಲಗಳ ಹಿಂದಿನಿಂದ ಓಡಿ ಬಂದನಲ್ಲ ಆ ಮುದುಕ, ಹಣೆಯ ತುಂಬ ಭಂಡಾರ, ಕೈಯಲ್ಲಿ ತೆಂಗಿನ ಹೋಳು! "ಗುಡ್ಯಾಗ ಭಾಳ ಪಾಳಿ ಇತ್ತವ್ವೋ!" ಎಂದು ಕೂಗುತ್ತ ಕಿಟಕಿಗೆ ಎಸೆದ, ನಾನು ಹಿಡಿದೆ. ಆ ಪ್ರಯಾಣದಲ್ಲಿ ನಾನು ಮಾಡಿದ ಒಂದೇ ಉಪಯುಕ್ತ ಕೆಲಸ ಅದು. ಗಾಡಿ ತುಂಗಭದ್ರೆಯ ಸೇತುವೆಯ ಮೇಲೆ ಹೋಗುವಾಗ ನೀನು ಆ ಹೋಳನ್ನು ಕೂಸಿನ ಹಣೆಗೆ ಮೂರು ಸಲ ಮುಟ್ಟಿಸಿದಿ. ಅದನ್ನೂ ನಾನು ನೋಡಿದೆ. ಅವ್ವನ ಮುಂದೆ ಅದಿಲ್ಲದೆಯೇ ಹೊರಡಲು ನಿಂತವಳು ನೀನು.

ಬೇಗಂಪೇಟೆಯಲ್ಲಿ ತೂಗುವ ಯಂತ್ರದ ಹತ್ತಿರ ಕೂತಿದ್ದ ಸಾಹೇಬ, "ಬಚ್ಚೇಕಾ ವಜನ್?" ಎಂದು ಯಾರನ್ನೂ ನೋಡದೆ ಕೇಳಿದ. ನಾನು ಇಂಗ್ಲೀಷ್ ವಾಕ್ಯ ಕಟ್ಟುವುದರೊಳಗೆ ನೀನು "ಹದಿನೈದು ಪೌಂಡು" ಎಂದಿ. ಅವನು ತೂಗಿದ; ಹದಿನೈದು. ತಲೆಯೆತ್ತಿ ನಿನ್ನನ್ನು ನೋಡಿದ. ನನಗೆ ಚಾಂದಸಾಬನ ತಕ್ಕಡಿಯನ್ನೇ ಹೊತ್ತು ತಂದು ಅವನ ಮೇಜಿನ ಮೇಲೆ ಇಡಬೇಕೆನಿಸಿತು. ಸಾಣೆಕಲ್ಲನ್ನೂ ಅವನು ಬಿಟ್ಟುಕೊಟ್ಟ. ಏನಿದು ಎಂದು ಕೇಳಿದ್ದಕ್ಕೆ ನೀನು ಔಷಧ ಎಂದಿ.

ಆಮೇಲೆ ನೀನು ಆ ಬಯಲಿನಲ್ಲಿ ನಡೆದು ಹೋದಿ. ಇಳಕಲ್ಲ ಸೀರೆಯ ಸೆರಗು ನಡುವಿಗೆ ಸಿಕ್ಕಿಸಿ, ಬಗಲಲ್ಲಿ ಅಂದಪ್ಪ, ಕೈಯಲ್ಲಿ ಮಾಳವ್ವ, ಮಾಳವ್ವನ ದವಡೆಯಲ್ಲಿ ಉತ್ತತ್ತಿ. ಟೋಪಿ ಹಾಕಿದ ದೊರೆಸಾನಿಯೊಬ್ಬಳು ಏಣಿಯ ಬುಡದಲ್ಲಿ ಹೆದರಿ ನಿಂತಿದ್ದಳು. ನೀನು ಅವಳನ್ನು ದಾಟಿ, ನಮ್ಮ ಮನೆಯ ಮಾಳಿಗೆ ಹತ್ತುವ ಹಾಗೆ ಹತ್ತಿದಿ. ಹಿಂದೆ ತಿರುಗಿ ನೋಡಲಿಲ್ಲ. ನೋಡಬಾರದಿತ್ತು, ಒಳ್ಳೆಯದೇ ಮಾಡಿದಿ.

ದೇವೇಂದ್ರಪ್ಪನವರು ಕರಾಚಿಯಿಂದ ನನಗೆ ಬರೆದಿದ್ದಾರೆ. ಒಂದು ಸಂಜೆ, ಒಂದು ಬೆಳಗು ಸಿಕ್ಕಿತಂತೆ. ಕೂಸು ಮೊದಲು ಅವರ ಮೀಸೆ ಹಿಡಿದು ಜಗ್ಗಿತಂತೆ, ಆಮೇಲೆ ಕನ್ನಡಕ ಕಿತ್ತುಕೊಂಡು ಕೊಡಲೇ ಇಲ್ಲವಂತೆ. "ಒಂದು ಗಾಜು ಸೀಳಿದೆ. ಅದನ್ನೇ ಹಾಕಿಕೊಂಡು ಹಡಗು ಹತ್ತುತ್ತಿದ್ದೇನೆ" ಎಂದಿದ್ದಾರೆ. ಇದನ್ನು ಅವ್ವನಿಗೆ ಓದಿ ಹೇಳಿದೆ. "ಹಿರ್ಯಾ ಮೊದಲಿಂದ ಹಂಗ" ಎಂದಳು. ಮೊಮ್ಮಗನ ಮಾತೋ ಅಪ್ಪನ ಮಾತೋ ಎಂದು ನಾನು ಕೇಳಲಿಲ್ಲ.

ಊರಿನಲ್ಲಿ ನಿನ್ನದೇ ಸುದ್ದಿ. ನಾನು ದಿನಾಲೂ ಸಾಲಿ ಬಿಟ್ಟ ಮೇಲೆ ಕಟ್ಟೆಯ ಮೇಲೆ ಕೂತು ವಿಮಾನ ಏರಿದ ಬಗೆಯನ್ನು ಅಭಿನಯಿಸಿ ತೋರಿಸುತ್ತೇನೆ. ಮೊದಲು ಹೋರಿಯ ಹಾಗೆ ಗುಟುರು ಹಾಕಿತು, ಆಮೇಲೆ ಕುದುರೆಯ ಹಾಗೆ ಓಡಿತು, ಆಮೇಲೆ ಬೆಳ್ಳಕ್ಕಿಯ ಹಾಗೆ ಕಾಲು ಮಡಚಿ ಎದ್ದಿತು ಎನ್ನುತ್ತೇನೆ. ಯಲಬುರ್ಗಿಯಿಂದ ಒಂದು ಗಾಡಿ ಜನ ಬಂದು ಕೇಳಿ ಹೋದರು. ಅಲ್ಲಿ ನಿಂತು ಕಣ್ಣಾರೆ ಕಂಡವನು ಈ ಸೀಮೆಗೆಲ್ಲ ನಾನೊಬ್ಬನೇ ಎಂದು ಎಲ್ಲರಿಗೂ ಹೇಳಿದ್ದೇನೆ.

ಸಂಕ್ರಾಂತಿ ಆದ ಮೇಲೆ ನಿನ್ನ ಭಾವನವರ ಜೊತೆ ರೈಲಿನಲ್ಲಿ ನಿಧಾನ ಬಾ. ದಿಲ್ಲಿಯ ಚಳಿ ಮಕ್ಕಳ ಮೈಗೆ ತಾಗದಿರಲಿ. ಮಾಳವ್ವನ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಸಿಗಲಿ. ಅಂದಪ್ಪ ಬೆಳೆದು ನಿನ್ನಷ್ಟು ಗಟ್ಟಿ ಆಗಲಿ. ನನ್ನಷ್ಟು ಓದದಿದ್ದರೂ ನಡೆದೀತು. ಹೋದವರು ಸುಖವಾಗಿ ತಿರುಗಿ ಬಂದು ನಿನ್ನ ಮನೆ ತುಂಬಿರಲಿ.

ಇಷ್ಟಕ್ಕೆ ಸಹಿ ಹಾಕಬೇಕೆಂದಿದ್ದೆ, ಕೈ ಬರಲಿಲ್ಲ. ಇನ್ನೊಂದು ಮಾತಿದೆ, ಇದನ್ನು ಓದಿ ಹರಿದು ಹಾಕು. ವಿಮಾನ ಓಡಲು ಸುರು ಮಾಡಿದಾಗ ತಂತಿಬೇಲಿ ಹಿಡಿದು ನೆಲಕ್ಕೆ ಕೂತು ಎರಡೂ ಕಣ್ಣು ಮುಚ್ಚಿಕೊಂಡೆ. ನೀನು, ಮಕ್ಕಳು, ಅಷ್ಟು ಎತ್ತರ. ನೋಡುವ ಧೈರ್ಯ ಆಗಲಿಲ್ಲ. ಚೌಕೀದಾರನೊಬ್ಬ ಬೆನ್ನು ತಟ್ಟಿ ನೀರು ಕುಡಿಸಿದಾಗ ಕಣ್ಣು ತೆರೆದೆ, ಬಯಲು ಖಾಲಿಯಾಗಿತ್ತು. ಬರುವ ಆದಿತ್ಯವಾರ ಕುಷ್ಟಗಿಯವರು ಕೇಳಲು ಬರುತ್ತಾರೆ, ಅವರಲ್ಲೊಬ್ಬ ಬುದ್ಧಿವಂತ ಇದ್ದಾನಂತೆ. ತಂಗೀ, ಅದು ಹೇಗೆ ಏರಿತು ಎಂಬುದನ್ನು ತಿರುಗುಟಪಾಲಿಗೇ ಬರೆದು ಕಳಿಸು.

ನಿನ್ನ ಹೆಮ್ಮೆಯಲ್ಲೇ ಊರೆಲ್ಲ ಮೆರೆಯುತ್ತಿರುವ ಅಣ್ಣ,
ಉಮಾಪತಿ